ಸೂಜಿ ಹುಳವೂ ಅಮೆರಿಕದ ಹೆಗ್ಗಣವೂ

ಕಾಲೇಜಿನ ಪ್ರಾಣಿಶಾಸ್ತ್ರ ಮ್ಯೂಸಿಯಮ್ಮಿನ ಕೀಪರ್ ದೊಡ್ಡಹನುಮಯ್ಯ ನಿವೃತ್ತನಾಗಲು ಇನ್ನು ಇಪ್ಪತ್ತಮೂರು ದಿನ ಉಳಿದಿತ್ತು. ಅಂಥ ಒಂದು ಬೆಳಿಗ್ಗೆ ಪ್ರಿನ್ಸಿಪಾಲ್ ನಾರಾಯಣಪ್ಪನವರು ತಮ್ಮ ಸರ್ವೀಸಿನಲ್ಲೇ ಮೊದಲ ಬಾರಿಗೆ ಮ್ಯೂಸಿಯಂ ಒಳಗೆ ಕಾಲಿಟ್ಟರು. ಅವರು ಕೆಮಿಸ್ಟ್ರಿಯವರು. ಸತ್ತ ಹಾವು, ಹಲ್ಲಿ, ಕಪ್ಪೆಗಳ ವಾಸನೆ ಅವರಿಗೆ ಆಗುತ್ತಿರಲಿಲ್ಲ. ಮೂಗಿಗೆ ಕರ್ಚೀಫು ಒತ್ತಿಕೊಂಡೇ ಬಂದರು.

"ಹನುಮಯ್ಯ, ಆ ರಿಜಿಸ್ಟರ್ ಕೊಡು."

ಕೊಟ್ಟ. ನಿಂತಲ್ಲೇ ಹಾಳೆ ತಿರುವಿದರು. ಬೆರಳು ಒಂದೊಂದೇ ಹೆಸರಿನ ಮೇಲೆ ಜಾರುತ್ತಾ ಹೋಯಿತು. ಜಿರಳೆ, ಚೇಳು, ಓತಿಕ್ಯಾತ ಎಲ್ಲವನ್ನೂ ದಾಟಿತು. ಕೊನೆಗೆ ಎರಡು ಕಡೆ ನಿಂತಿತು.

"ಇದೇನು, ಡ್ಯಾಮ್ಸೆಲ್‌ಫ್ಲೈ? ಇದು ಅಪೋಸಮ್. ಇವೆರಡೂ ಇದಾವಾ?"

"ಇದಾವೆ ಸಾರ್."

"ನೋಡಿದ ತಕ್ಷಣ ಇಂಥದ್ದು ಅಂತ ಯಾರಿಗಾದ್ರೂ ಗೊತ್ತಾಗತ್ತಾ?"

"ಗೊತ್ತಿರೋರಿಗೆ ಗೊತ್ತಾಗತ್ತೆ ಸಾರ್."

ಆ ಉತ್ತರ ಅವರಿಗೆ ಹಿತವಾಗಲಿಲ್ಲ. ಆದರೂ ಎರಡು ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡು, ಬಂದಷ್ಟೇ ಬೇಗ ಹೊರಟುಹೋದರು.

ಅದು ಎಂಬತ್ತಾರನೇ ಇಸವಿಯ ಜುಲೈ. ಕಾಲೇಜು ಇದ್ದದ್ದು ರಾಜಾಜಿನಗರದಲ್ಲಿ. ಹೆಸರು ಹೇಳಿದರೆ ಅಲ್ಲಿ ಓದಿದವರು ಬೇಜಾರು ಮಾಡಿಕೊಳ್ಳುತ್ತಾರೆ, ಬೇಡ. ದೊಡ್ಡಹನುಮಯ್ಯ ಮೂಡಲಪಾಳ್ಯದವನು. ಇಪ್ಪತ್ತಾರು ವರ್ಷ ಅಲ್ಲಿಂದ ಸೈಕಲ್ ತುಳಿದುಕೊಂಡು ಬಂದು ಆ ಮ್ಯೂಸಿಯಮ್ಮಿನ ಬೀಗ ತೆಗೆದವನು. ಓದಿದ್ದು ಏಳನೇ ಕ್ಲಾಸು. ಆದರೆ ಲ್ಯಾಟಿನ್ ಹೆಸರುಗಳನ್ನು ಭಜನೆ ಪದದ ಹಾಗೆ ಹೇಳಬಲ್ಲವನಾಗಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದ ಲೆಕ್ಚರರುಗಳು ಕ್ಲಾಸಿಗೆ ಹೋಗುವ ಮೊದಲು ಬೀಡಿ ಸೇದುವ ನೆಪ ಮಾಡಿಕೊಂಡು ಅವನ ಹತ್ತಿರ ಬಂದು, ಇದೇನು ಅದೇನು ಎಂದು ಪಿಸುಮಾತಿನಲ್ಲಿ ಕೇಳಿಕೊಂಡು ಹೋಗುತ್ತಿದ್ದರು.

ಅವನ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳಬೇಕಿತ್ತು. ಅರ್ಜಿ ಹಾಕಿದ್ದವರು ಇಬ್ಬರೇ.

ಒಬ್ಬಳು ಚಿಕ್ಕಲಕ್ಷ್ಮಮ್ಮ. ಪ್ರಾಣಿಶಾಸ್ತ್ರ ವಿಭಾಗದ ಅಟೆಂಡರ್. ಅವಳ ಗಂಡ ಕಾಲೇಜಿನ ವಾಚ್‌ಮನ್ ಆಗಿದ್ದವನು ಎಂಟು ವರ್ಷದ ಹಿಂದೆ ಕಾಮಾಲೆಯಿಂದ ತೀರಿಕೊಂಡಾಗ ಅನುಕಂಪದ ಮೇಲೆ ಕೆಲಸ ಸಿಕ್ಕಿತ್ತು. ಬಂದಾಗ ಎಂಟನೇ ಕ್ಲಾಸು ಓದಿದ್ದವಳು, ಮಕ್ಕಳ ಜೊತೆಗೆ ತಾನೂ ಕೂತು ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡಿದ್ದಳು. ಜಾಡಿ ಒರೆಸುತ್ತಾ ಒರೆಸುತ್ತಾ ಅದರ ಚೀಟಿ ಓದುವುದು ಅವಳಿಗೆ ಅಭ್ಯಾಸ. ಬಾಯಿ ತಿರುಗದ ಹೆಸರು ಬಂದರೆ ದೊಡ್ಡಹನುಮಯ್ಯನನ್ನು ಕೇಳುತ್ತಿದ್ದಳು. ಸೂಜಿ ಹುಳದ ಉಪಗಣ ಜೈಗಾಪ್ಟೆರಾ ಎಂಬುದು ಎಷ್ಟು ಸಲ ಹೇಳಿಕೊಟ್ಟರೂ ನಾಲಗೆಗೆ ಕೂರದೆ ಇದ್ದಾಗ ಅವನು ಒಂದು ಉಪಾಯ ಹೇಳಿಕೊಟ್ಟಿದ್ದ. "ಜೈ ಗೋಪಾಲ ಅಂತ ಶುರು ಮಾಡು ಕಣಮ್ಮ. ಅರ್ಧಕ್ಕೆ ನಿಲ್ಲಿಸ್ಬಿಟ್ಟು ಟೆರಾ ಅಂತ ಮುಗಿಸು." ಅಂದಿನಿಂದ ಮರೆತಿರಲಿಲ್ಲ.

ಇನ್ನೊಬ್ಬ ಮುನಿರಾಜು. ಪ್ರಿನ್ಸಿಪಾಲರ ಸ್ವಂತ ಭಾಮೈದ. ವಯಸ್ಸು ಇಪ್ಪತ್ತೇಳು. ಬಿ.ಎಸ್ಸಿಯ ಎರಡು ವರ್ಷಗಳನ್ನು ನಾಲ್ಕು ವರ್ಷದಲ್ಲಿ ಓದಿ ಬಿಟ್ಟಿದ್ದ. ಕೆಟ್ಟವನಲ್ಲ. ಎದುರು ಸಿಕ್ಕವರಿಗೆಲ್ಲ ನಕ್ಕು ನಮಸ್ಕಾರ ಹಾಕುವ, ತಲೆಗೆ ಎಣ್ಣೆ ಹಚ್ಚಿ ಓರೆ ಬೈತಲೆ ತೆಗೆದ ಹುಡುಗ. ಆದರೆ ಅಕ್ಕ ಎಲ್ಲಿ ಕೂರು ಅಂದರೆ ಅಲ್ಲಿ ಕೂರುವವನು, ಭಾವ ಏನು ಓದು ಅಂದರೆ ಅದನ್ನು ಓದುವವನು.

ಸಂದರ್ಶನ ಶುಕ್ರವಾರಕ್ಕೆ ಗೊತ್ತಾಯಿತು. ಗುರುವಾರ ಮಧ್ಯಾಹ್ನ ಪ್ರಿನ್ಸಿಪಾಲರು ದೊಡ್ಡಹನುಮಯ್ಯನನ್ನು ಕರೆಸಿದರು.

"ನಾಳೆ ಮ್ಯೂಸಿಯಮ್ಮಲ್ಲೇ ಇಂಟರ್‌ವ್ಯೂ. ಮೇಜಿನ ಮೇಲೆ ಎರಡು ಸ್ಪಾಟರ್ ಇಡ್ಬೇಕು. ಡ್ಯಾಮ್ಸೆಲ್‌ಫ್ಲೈಗೆ ನಂಬರ್ ಒಂದು. ಅಪೋಸಮ್ಮಿಗೆ ನಂಬರ್ ಎರಡು. ಹೆಸರಿನ ಚೀಟಿ ಎಲ್ಲಾ ಕಿತ್ತಾಕು. ಇದು ಕಾನ್ಫಿಡೆನ್ಷಿಯಲ್, ಯಾರಿಗೂ ಹೇಳೋ ಹಾಗಿಲ್ಲ."

ಸ್ಪಾಟರ್ ಅಂದರೆ ಪರೀಕ್ಷೆಯಲ್ಲಿ ಬರೀ ನಂಬರು ಹಚ್ಚಿ ಎದುರಿಗಿಡುವ ಮಾದರಿ. ಕಣ್ಣಾರೆ ನೋಡಿ ಇದು ಇಂಥ ಪ್ರಾಣಿ ಎಂದು ಹೇಳಬೇಕು. ದೊಡ್ಡಹನುಮಯ್ಯ ತನ್ನ ಜೀವನದಲ್ಲಿ ಸಾವಿರಾರು ಸ್ಪಾಟರ್ ಇಟ್ಟಿದ್ದ. "ಆಯ್ತು ಸಾರ್" ಎಂದು ಬಂದ.

ಬೀಡಿ ಸೇದೋಣವೆಂದು ಸೈಕಲ್ ಸ್ಟ್ಯಾಂಡಿನ ಹಿಂದಕ್ಕೆ ಹೋದರೆ, ಅಲ್ಲಿ ಮೋಟುಗೋಡೆಯ ಮೇಲೆ ಮುನಿರಾಜು ಕಣ್ಣು ಮುಚ್ಚಿಕೊಂಡು ಕೂತಿದ್ದ. ಕೈಯಲ್ಲಿ ಮಡಚಿದ ಹಾಳೆ. ತುಟಿ ಪಟಪಟನೆ ಆಡುತ್ತಿತ್ತು.

"ನಂಬರ್ ಒಂದು. ಡ್ಯಾಮ್ಸೆಲ್‌ಫ್ಲೈ. ಸಂಧಿಪದಿ. ಆರು ಕಾಲು, ನಾಲ್ಕು ರೆಕ್ಕೆ. ನೀರಿನ ಹತ್ರ ವಾಸ. ನಂಬರ್ ಎರಡು. ಅಪೋಸಮ್. ಸಸ್ತನಿ. ಹೊಟ್ಟೇಲಿ ಚೀಲ. ಐವತ್ತು ಹಲ್ಲು. ನಂಬರ್ ಒಂದು. ಡ್ಯಾಮ್ಸೆಲ್‌ಫ್ಲೈ..."

ದೊಡ್ಡಹನುಮಯ್ಯ ಬೀಡಿ ಹಚ್ಚುವುದನ್ನು ಮರೆತು ನಿಂತ. ಕೆಮ್ಮಿದ. ಮುನಿರಾಜು ಗಾಬರಿಯಿಂದ ಕಣ್ಣು ಬಿಟ್ಟು ಹಾಳೆಯನ್ನು ಜೇಬಿಗೆ ತುರುಕಿದ.

"ಓದ್ತಾ ಇದೀಯೇನಪ್ಪಾ?"

"ಹೌದಣ್ಣ. ಜನರಲ್ ನಾಲೆಡ್ಜು."

"ಓದು, ಓದು. ಒಂದ್ಸಲ ಒಳಗೆ ಬಂದು ಪ್ರಾಣಿಗಳ್ನ ನೋಡ್ಕೊಂಡು ಹೋಗ್ಬಾರ್ದಾ? ನಾನೇ ತೋರಿಸ್ತೀನಿ."

ಮುನಿರಾಜು ತಲೆ ಕೆರೆದುಕೊಂಡ. "ಭಾವ ಬೇಡ ಅಂದಿದಾರಣ್ಣ. ಈಗ ಹೋದ್ರೆ ಜನ ಏನಾದ್ರೂ ತಿಳ್ಕೋತಾರಂತೆ. ಅದೂ ಅಲ್ದೆ ನೋಡಿದ್ರೆ ಕನ್‌ಫ್ಯೂಸ್ ಆಗತ್ತೆ, ನಂಬರ್ ಕೇಳ್ದಾಗ ಏನೂ ನೋಡ್ದೆ, ಯೋಚ್ನೆ ಮಾಡ್ದೆ ಹೇಳ್ಬಿಡು ಅಂದಿದಾರೆ." ಹೇಳಿಬಿಟ್ಟ ಮೇಲೆ ನಾಲಗೆ ಕಚ್ಚಿಕೊಂಡ.

"ಒಳ್ಳೇ ಮಾತು," ಎಂದ ದೊಡ್ಡಹನುಮಯ್ಯ. "ದೊಡ್ಡೋರ ಮಾತು ಮೀರ್ಬೇಡ."

ಅಲ್ಲಿಂದ ಮ್ಯೂಸಿಯಮ್ಮಿಗೆ ವಾಪಸು ಬರುವಷ್ಟರಲ್ಲಿ ಅವನ ಹೊಟ್ಟೆಯೊಳಗೆ ಒಂದು ನಗು ಎದ್ದು ಕೂತಿತ್ತು. ಅದರ ಹಿಂದೆಯೇ ಸಿಟ್ಟೂ ಇತ್ತು. ಎಂಟು ವರ್ಷ ಜಾಡಿ ಒರೆಸಿದವಳು ಒಂದು ಕಡೆ, ಒಂದು ದಿನವೂ ಬಾಗಿಲು ದಾಟದವನು ಇನ್ನೊಂದು ಕಡೆ. ಆದರೂ ಚಿಕ್ಕಲಕ್ಷ್ಮಮ್ಮನಿಗೆ ಅವನು ಏನೂ ಹೇಳಲಿಲ್ಲ. ಹೇಳಿದರೆ ಅವಳಿಗೂ ಇವನಿಗೂ ಏನು ವ್ಯತ್ಯಾಸ? ಅವಳು ಪಕ್ಕದ ಕೋಣೆಯಲ್ಲಿ ಕಪ್ಪೆಯ ಅಸ್ಥಿಪಂಜರಕ್ಕೆ ಅಂಟು ಹಚ್ಚುತ್ತಾ ಕೂತಿದ್ದಳು. ಅವಳು ಮನೆಗೆ ಹೊರಟ ಮೇಲೆ ಅವನು ಕಪಾಟು ತೆಗೆದ.

ಅಪೋಸಮ್ ಇದ್ದದ್ದು ಮೊಳದೆತ್ತರದ ಗಾಜಿನ ಜಾಡಿಯಲ್ಲಿ. ಅರವತ್ತನಾಲ್ಕರಲ್ಲಿ ಅಮೆರಿಕದಿಂದ ಬಂದಿದ್ದ ಯಾರೋ ಪ್ರೊಫೆಸರು ಕಾಲೇಜಿಗೆ ಕೊಟ್ಟುಹೋದದ್ದು. ಹುಡುಗರು ಅದನ್ನು ಅಮೆರಿಕದ ಹೆಗ್ಗಣ ಎನ್ನುತ್ತಿದ್ದರು. ಚೂಪು ಮೂತಿ, ಬೋಳು ಬಾಲ, ಕಾಗದದಂಥ ಕಿವಿ. ಫಾರ್ಮಲಿನ್ ಹಳತಾಗಿ ಬೆಲ್ಲದ ನೀರಿನ ಬಣ್ಣಕ್ಕೆ ತಿರುಗಿತ್ತು. ಅದರೊಳಗೆ ಆ ಪ್ರಾಣಿ ಹಲ್ಲು ಕಿರಿದುಕೊಂಡು ನಿಂತಿತ್ತು.

ಡ್ಯಾಮ್ಸೆಲ್‌ಫ್ಲೈ ಒಂದು ಸಣ್ಣ ಪೆಟ್ಟಿಗೆಯಲ್ಲಿ ಗುಂಡುಸೂಜಿಗೆ ಸಿಕ್ಕಿಕೊಂಡಿತ್ತು. ಏರೋಪ್ಲೇನ್ ಚಿಟ್ಟೆಯ ಬಡಕಲು ತಂಗಿ ಎನ್ನಬೇಕು ಅದನ್ನು. ಮೂಡಲಪಾಳ್ಯದ ಮಕ್ಕಳ ಬಾಯಲ್ಲಿ ಅದು ಸೂಜಿ ಹುಳ. ಹದಿನೈದು ವರ್ಷದಲ್ಲಿ ರೆಕ್ಕೆಗಳು ಉದುರಿ ಪುಡಿಯಾಗಿದ್ದವು. ಉಳಿದದ್ದು ಒಂದು ಕಡ್ಡಿಯಂಥ ಮೈ, ತುದಿಯಲ್ಲಿ ಸಾಸಿವೆ ಕಾಳಿನಷ್ಟು ತಲೆ.

ದೊಡ್ಡಹನುಮಯ್ಯ ಎರಡು ರಟ್ಟಿನ ಚೂರು ತೆಗೆದುಕೊಂಡು ಒಂದರ ಮೇಲೆ ೧, ಇನ್ನೊಂದರ ಮೇಲೆ ೨ ಎಂದು ದುಂಡಗೆ ಬರೆದ. ಆಮೇಲೆ ನಂಬರ್ ಒಂದನ್ನು ಅಮೆರಿಕದ ಹೆಗ್ಗಣಕ್ಕೂ ನಂಬರ್ ಎರಡನ್ನು ಸೂಜಿ ಹುಳಕ್ಕೂ ಒರಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಚೆನ್ನಾಗಿ ಕಂಡಿತು. ಮದುವೆ ಮನೆಯಲ್ಲಿ ಬೀಗರ ಎಲೆ ಸರಿಮಾಡುವವನ ಹಾಗೆ ಜಾಡಿಯನ್ನು ಒಂದಿಷ್ಟು ಮುಂದಕ್ಕೆ ಎಳೆದ.

ಮಾರನೆಯ ದಿನ ಹತ್ತೂವರೆಗೆ ಸಮಿತಿ ಕೂತಿತು. ನಡುವೆ ಪ್ರಿನ್ಸಿಪಾಲರು. ಅವರ ಎಡಕ್ಕೆ ಆಡಳಿತ ಮಂಡಳಿಯ ಏಕಾಂತಯ್ಯನವರು. ವಯಸ್ಸಾದವರು, ಯಾವ ಸಭೆಯಲ್ಲೂ ಕುರ್ಚಿ ಸಿಕ್ಕ ಐದು ನಿಮಿಷಕ್ಕೆ ಕಣ್ಣು ಮುಚ್ಚುವವರು. ಬಲಕ್ಕೆ ಹೊರಗಿನಿಂದ ಬಂದಿದ್ದ ತಜ್ಞೆ, ಬೇರೊಂದು ಕಾಲೇಜಿನ ಪ್ರಾಣಿಶಾಸ್ತ್ರದ ಪ್ರೊಫೆಸರ್ ಜಗದಾಂಬಾ. ಬಿಗಿಯಾದ ತುರುಬು, ದಪ್ಪ ಕನ್ನಡಕ, ಹತ್ತಿ ಸೀರೆ. ಮೊಹರು ಮಾಡಿದ ಲಕೋಟೆಯನ್ನು ಅವರ ಕೈಯಿಂದಲೇ ಒಡೆಸಿದರು. ಒಳಗಿದ್ದ ಪ್ರಶ್ನೆಯನ್ನು ಅವರು ಗಟ್ಟಿಯಾಗಿ ಓದಿದರು.

"ಮೇಜಿನ ಮೇಲಿರುವ ಎರಡು ಸ್ಪಾಟರ್‌ಗಳನ್ನು ಗುರುತಿಸಿ. ಅವುಗಳ ವರ್ಗೀಕರಣವನ್ನು ಹೋಲಿಸಿ. ಯಾವುದಕ್ಕೆ ಅಳಿವಿನ ಅಪಾಯವಿದೆ ತಿಳಿಸಿ."

ಜಗದಾಂಬಾ ಮೇಜಿನ ಕಡೆ ನೋಡಿ ಹುಬ್ಬು ಏರಿಸಿದರು. "ಎಲ್ಲಿಂದೆಲ್ಲಿಗೆ ಗಂಟು ಹಾಕಿದೀರಿ ಸಾರ್! ಎಂಎಸ್ಸಿಯವರನ್ನೂ ಯಾರೂ ಹೀಗೆ ಕೇಳಲ್ಲ."

"ಸ್ಟ್ಯಾಂಡರ್ಡ್ ಇರ್ಬೇಕಲ್ಲ ಮೇಡಂ," ಎಂದರು ಪ್ರಿನ್ಸಿಪಾಲರು. ಅವರು ಮೇಜಿನ ಕಡೆ ನೋಡಿರಲಿಲ್ಲ. ವಾಸನೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಸಾಮಾನು ಎತ್ತಿಕೊಡಲೆಂದು ದೊಡ್ಡಹನುಮಯ್ಯ ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದ.

ಮೊದಲು ಕರೆದದ್ದು ಮುನಿರಾಜುವನ್ನು. ಬಿಳಿ ಪ್ಯಾಂಟು, ಹಣೆಗೆ ಕುಂಕುಮ. ಬಂದವನೇ ಮೂವರಿಗೂ ಕೈಮುಗಿದು, ದೊಡ್ಡಹನುಮಯ್ಯನಿಗೂ ಒಂದು ನಮಸ್ಕಾರ ಹಾಕಿ, ಮೇಜಿನ ಮುಂದೆ ನಿಂತು ಫ್ಯಾನಿನ ಕಡೆ ನೋಡತೊಡಗಿದ.

"ನಂಬರ್ ಒಂದು ಯಾವುದು?" ಕೇಳಿದರು ಜಗದಾಂಬಾ.

"ಡ್ಯಾಮ್ಸೆಲ್‌ಫ್ಲೈ ಮೇಡಂ! ಸಂಧಿಪದಿ. ಕೀಟ ವರ್ಗ. ಆರು ಕಾಲು, ನಾಲ್ಕು ರೆಕ್ಕೆ."

ಜಗದಾಂಬಾ ಕನ್ನಡಕ ಸರಿಮಾಡಿಕೊಂಡು ಜಾಡಿಯನ್ನು ನೋಡಿದರು. ಜಾಡಿಯೊಳಗಿಂದ ಅಪೋಸಮ್ ಹಲ್ಲು ಕಿರಿಯುತ್ತಲೇ ಇತ್ತು.

"ಮೇಲೆ ನೋಡ್ಬೇಡಿ, ಕೆಳಗೆ ನೋಡಿ. ಆರು ಕಾಲು ತೋರಿಸಿ."

ಮುನಿರಾಜು ಕಣ್ಣು ಕೆಳಗಿಳಿಸಿದ. ಅವನ ಮುಖದ ಬಣ್ಣ ಒಂದಿಷ್ಟು ಇಳಿಯಿತು. ಆದರೆ ಭಾವನ ಮಾತು ನೆನಪಾಗಿರಬೇಕು, ಧೈರ್ಯ ತಂದುಕೊಂಡ. ಬೆರಳಿಟ್ಟು ಎಣಿಸಿದ. "ಒಂದು, ಎರಡು, ಮೂರು, ನಾಲ್ಕು... ಇನ್ನೆರಡು ಆ ಕಡೆ ಇರ್ಬೇಕು ಮೇಡಂ. ನೀರು ಕಲಕಿದೆ, ಕಾಣ್ತಿಲ್ಲ."

"ರೆಕ್ಕೆ?"

ಮುನಿರಾಜು ಬಗ್ಗಿ ಹುಡುಕಿದ. ಕೊನೆಗೆ ಅಪೋಸಮ್ಮಿನ ಕಿವಿಗಳು ಕಂಡವು. "ಇವೇ ಮೇಡಂ. ಎರಡು ಕಾಣ್ತಾ ಇವೆ. ಇನ್ನೆರಡು ಮಡಚ್ಕೊಂಡಿರತ್ತೆ."

"ಎಲ್ಲಿ ಕೂರತ್ತೆ ಇದು?"

"ಕೆರೆ ದಡದಲ್ಲಿ, ಹುಲ್ಲಿನ ಎಸಳ ಮೇಲೆ."

"ಈ ಗಾತ್ರದ್ದು? ಹುಲ್ಲಿನ ಎಸಳ ಮೇಲೆ?"

"ತೂಕ ಕಮ್ಮಿ ಮೇಡಂ," ಎಂದ ಮುನಿರಾಜು. ದನಿ ಸಣ್ಣಗಾಗಿತ್ತು.

ದೊಡ್ಡಹನುಮಯ್ಯ ಒಳಗಿನಿಂದ ಕೆನ್ನೆ ಕಚ್ಚಿ ಹಿಡಿದುಕೊಂಡ. ಆಗ ಪ್ರಿನ್ಸಿಪಾಲರು ಕಿಟಕಿಯಿಂದ ಮುಖ ತಿರುಗಿಸಿ ಮೇಜನ್ನು ನೋಡಿದರು. ನೋಡಿದವರು ಕೂತಲ್ಲೇ ನೆಟ್ಟಗಾದರು. ಜಗದಾಂಬಾರ ಬೆನ್ನ ಹಿಂದಿನಿಂದ ಭಾಮೈದನಿಗೆ ಎರಡು ಬೆರಳು ಎತ್ತಿ ತೋರಿಸಿ, ಜಾಡಿಯ ಕಡೆ ಗದ್ದ ಆಡಿಸಿದರು. ಅದು ಎರಡು ಕಣೋ, ಅದು ಎರಡು, ಎಂದು ಅವರ ಅರ್ಥ. ಎರಡನೆಯದಕ್ಕೆ ಹೋಗು ಎಂದು ಮುನಿರಾಜು ತಿಳಿದುಕೊಂಡ. ಬದುಕಿದೆನೆಂದು ಉಸಿರು ಬಿಟ್ಟು ಪೆಟ್ಟಿಗೆಯ ಕಡೆ ತಿರುಗಿದ.

"ನಂಬರ್ ಎರಡು, ಅಪೋಸಮ್! ಬೆನ್ನುಮೂಳೆ ಇರೋದು. ಸಸ್ತನಿ. ಹೊಟ್ಟೇಲಿ ಚೀಲ, ಚೀಲದಲ್ಲಿ ಮರಿ. ಐವತ್ತು ಹಲ್ಲು."

ಜಗದಾಂಬಾ ಕೈಚೀಲದಿಂದ ಭೂತಗನ್ನಡಿ ತೆಗೆದು ಅವನ ಕೈಗೆ ಕೊಟ್ಟರು. "ಐವತ್ತು ಬೇಡ. ಒಂದು ಹಲ್ಲು ತೋರಿಸಿ ಸಾಕು."

ಅವನು ಆ ಕಡ್ಡಿಯಂಥ ಹುಳದ ಮೇಲೆ ಬಹಳ ಹೊತ್ತು ಬಗ್ಗಿದ್ದ. ಕಿವಿಯ ಹಿಂದಿನಿಂದ ಬೆವರು ಇಳಿಯಿತು. "ಬಾಯಿ ಮುಚ್ಕೊಂಡಿದೆ ಮೇಡಂ. ಅಪಾಯ ಬಂದ್ರೆ ಇದು ಸತ್ತಂಗೆ ನಾಟಕ ಆಡತ್ತೆ."

"ಈಗಲೂ ಆಡ್ತಿದೆಯಾ?"

"ಇರ್ಬೋದು ಮೇಡಂ."

"ಇದಕ್ಕೆ ಅಳಿವಿನ ಅಪಾಯ ಇದೆಯಾ?"

"ಇಲ್ಲ ಮೇಡಂ. ಅಮೆರಿಕದಲ್ಲಿ ಬೇಕಾದಷ್ಟಿವೆ. ಅಲ್ಲಿ ಜನ ಬೇಟೆ ಆಡಿ ಸಾರು ಮಾಡ್ತಾರೆ."

"ಒಂದು ಹಿಡಿದ್ರೆ ಎಷ್ಟು ಜನಕ್ಕಾಗುತ್ತೆ?"

ಈ ಪ್ರಶ್ನೆ ಹಾಳೆಯಲ್ಲಿ ಇರಲಿಲ್ಲ. ಮುನಿರಾಜು ಭಾವನ ಮುಖ ನೋಡಿದ. ಭಾವನಿಗೆ ಇನ್ನು ತಡೆಯಲಾಗಲಿಲ್ಲ. ಮೇಜು ಗುದ್ದಿ ಎದ್ದುನಿಂತರು.

"ಲೋ ಹನುಮಯ್ಯ! ಡ್ಯಾಮ್ಸೆಲ್‌ಫ್ಲೈಗೆ ನಂಬರ್ ಒಂದು ಹಾಕು ಅಂತ ಹೇಳಿರ್ಲಿಲ್ವಾ? ತಿರುಗಾಮುರುಗಾ ಇಟ್ಟಿದೀಯಲ್ಲೋ! ಅವನು ಸರಿಯಾಗೇ ಓದ್ಕೊಂಡು ಬಂದಿದಾನೆ ಪಾಪ!"

ಮೇಜಿನ ಸದ್ದಿಗೆ ಏಕಾಂತಯ್ಯನವರಿಗೆ ಎಚ್ಚರವಾಯಿತು. ಜಗದಾಂಬಾ ಪೆನ್ನಿಗೆ ನಿಧಾನವಾಗಿ ಮುಚ್ಚಳ ಹಾಕಿದರು.

"ಏನಂತ ಓದ್ಕೊಂಡು ಬಂದಿದಾರೆ ಸಾರ್?"

ಪ್ರಿನ್ಸಿಪಾಲರು ಕರ್ಚೀಫು ತೆಗೆದು ಮುಖ ಒರೆಸಿಕೊಂಡರು.

"ಲಕೋಟೆ ಒಡೆದಿದ್ದು ನಾನು. ಹತ್ತು ನಿಮಿಷ ಆಗಿದೆ. ಅದರಲ್ಲಿ ನಂಬರೂ ಇಲ್ಲ, ಹೆಸರೂ ಇಲ್ಲ. ಮುನಿರಾಜು ಅವರೇ, ಒಂದು ಅಂದ್ರೆ ಇಂಥದ್ದು ಅಂತ ನಿಮಗೆ ಯಾರು ಹೇಳಿದ್ರು?"

ಮುನಿರಾಜು ಸುಳ್ಳು ಹೇಳಬಹುದಿತ್ತು. ಆದರೆ ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ. "ಭಾವ," ಎಂದ.

ಏಕಾಂತಯ್ಯನವರು ಪ್ರಿನ್ಸಿಪಾಲರನ್ನು ನೋಡಿದರು, ಜಾಡಿಯನ್ನು ನೋಡಿದರು. "ಇದೇನು, ಹೆಗ್ಗಣವೇ?" ಎಂದು ಕೇಳಿದರು. ಆಮೇಲೆ, "ಇನ್ನೊಬ್ಬರನ್ನ ಕರೀರಿ," ಎಂದರು.

ಚಿಕ್ಕಲಕ್ಷ್ಮಮ್ಮ ಅಷ್ಟು ಹೊತ್ತು ಸ್ಟಾಫ್ ರೂಮಿನಲ್ಲಿ ಕೂತಿದ್ದಳು. ಒಳಗೆ ಏನಾಯಿತೆಂದು ಅವಳಿಗೆ ಗೊತ್ತಿರಲಿಲ್ಲ. ನೀಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವಳು ಮೊದಲು ಮಾಡಿದ ಕೆಲಸವೆಂದರೆ, ಜಾಡಿಯ ಮೇಲಿದ್ದ ಬೆರಳಿನ ಗುರುತನ್ನು ಸೆರಗಿನ ತುದಿಯಿಂದ ಒರೆಸಿದ್ದು. ಆಮೇಲೆ ಕೈಮುಗಿದಳು.

"ಒಂದು, ಅಪೋಸಮ್ ಮೇಡಂ. ಎರಡು, ಡ್ಯಾಮ್ಸೆಲ್‌ಫ್ಲೈ. ನಮ್ಮ ಕಡೆ ಸೂಜಿ ಹುಳ ಅಂತೀವಿ. ಪಾಪ, ರೆಕ್ಕೆ ಉದುರೋಗಿದೆ."

"ಏರೋಪ್ಲೇನ್ ಚಿಟ್ಟೆ ಅಲ್ವಾ ಅದು?" ಜಗದಾಂಬಾ ಬೇಕೆಂದೇ ಕೆಣಕಿದರು.

"ಅಲ್ಲ ಮೇಡಂ. ಅದು ಕೂತಾಗ ರೆಕ್ಕೆ ಹರಡ್ಕೊಂಡೇ ಕೂರತ್ತೆ, ಗಂಡಸ್ರು ಬಸ್ಸಲ್ಲಿ ಕಾಲು ಹರಡ್ಕೊಂಡು ಕೂತಂಗೆ. ಇದು ಮೈಗೆ ಮಡಚ್ಕೊಳ್ಳತ್ತೆ, ಸೆರಗು ಹೊದ್ಕೊಂಡಂಗೆ. ಎರಡೂ ಓಡೊನೇಟಾ ಗಣದವೇ. ಇದರ ಉಪಗಣ ಮಾತ್ರ ಬೇರೆ." ಒಂದು ಕ್ಷಣ ನಿಂತಳು. ತುಟಿ ಸದ್ದಿಲ್ಲದೆ ಜೈ ಗೋಪಾಲ ಅಂದದ್ದು ದೊಡ್ಡಹನುಮಯ್ಯನಿಗೆ ಮಾತ್ರ ಕಂಡಿತು. "ಜೈಗಾಪ್ಟೆರಾ."

"ಎರಡನ್ನೂ ಹೋಲಿಸಿ."

"ಪ್ರಾಣಿ ಸಾಮ್ರಾಜ್ಯ ಅನ್ನೋದೊಂದೇ ಮೇಡಂ ಎರಡಕ್ಕೂ ಸಮ. ಅಲ್ಲಿಂದ ಮುಂದಕ್ಕೆ ದಾರಿ ಬೇರೆ ಬೇರೆ. ಈ ಅಪೋಸಮ್ಮಿಗೆ ಮೂಳೆ ಒಳಗಿದೆ, ಆ ಸೂಜಿ ಹುಳಕ್ಕೆ ಮೈ ಮೇಲಿನ ಚಿಪ್ಪೇ ಮೂಳೆ. ಇದು ಕಾರ್ಡೇಟಾ, ಸಸ್ತನಿ, ಮಾರ್ಸುಪಿಯಾಲಿಯಾ. ಅದು ಆರ್ತ್ರೋಪೋಡಾ, ಕೀಟ. ಇದು ಮರೀನ ಚೀಲದಲ್ಲಿಟ್ಟು ಸಾಕತ್ತೆ. ಅದು ನೀರಲ್ಲಿ ಮೊಟ್ಟೆ ಇಟ್ಟು ಹೋದ್ರೆ ಮತ್ತೆ ತಿರುಗಿ ನೋಡಲ್ಲ. ಆದ್ರೂ ಮಕ್ಕಳು ಬದುಕ್ತಾವೆ."

"ಯಾವುದಕ್ಕೆ ಅಳಿವಿನ ಅಪಾಯ?"

"ಈ ಮ್ಯೂಸಿಯಂ ಒಳಗೆ ಕೇಳ್ತಾ ಇದೀರಾ, ಹೊರಗೆ ಕೇಳ್ತಾ ಇದೀರಾ ಮೇಡಂ?"

ಜಗದಾಂಬಾ ಅಂದು ಮೊದಲ ಸಲ ನಕ್ಕರು. "ಎರಡೂ ಹೇಳಿ."

"ಒಳಗೆ ಎರಡಕ್ಕೂ ಇದೆ. ಫಾರ್ಮಲಿನ್ ಬದಲಾಯಿಸಿ ಮೂರು ವರ್ಷ ಆಯ್ತು. ನ್ಯಾಫ್ತಲಿನ್ ಗುಳಿಗೆ ಬೇಕು ಅಂತ ಬರ್ಕೊಟ್ಟ ಚೀಟಿ ಪ್ರಿನ್ಸಿಪಾಲ್ ಸಾಹೇಬ್ರ ಮೇಜಿನ ಮೇಲೇ ಇದೆ. ಸೂಜಿ ಹುಳದ ಉದುರಿದ ರೆಕ್ಕೆ ಇರುವೆ ಬಂದು ತಿಂದಾಯ್ತು, ಇನ್ನು ಮೈ." ಅವಳ ದನಿಯಲ್ಲಿ ದೂರು ಇರಲಿಲ್ಲ, ಅಡಿಗೆ ಮನೆಯಲ್ಲಿ ಉಪ್ಪು ಮುಗಿದಿದೆ ಎಂದು ಹೇಳಿದಂತಿತ್ತು. "ಹೊರಗೆ ಅಂದ್ರೆ, ಅಪೋಸಮ್ ಅದರ ದೇಶದಲ್ಲಿ ಕಸದ ತೊಟ್ಟಿ ಹುಡುಕ್ಕೊಂಡು ಸುಖವಾಗಿದೆಯಂತೆ. ಜನ ಹೆಚ್ಚಾದಷ್ಟೂ ಅದೂ ಹೆಚ್ಚುತ್ತೆ ಅಂತ ಬುಕ್ಕಲ್ಲಿದೆ. ಸೂಜಿ ಹುಳದ ಲೆಕ್ಕ ಯಾರೂ ಇಟ್ಟಿಲ್ಲ ಮೇಡಂ. ಅದರಲ್ಲಿ ನೂರಾರು ಜಾತಿ. ಕೆಲವಕ್ಕೆ ಅಪಾಯ ಇದೆ ಅಂತ ಬರ್ದಿದಾರೆ, ಉಳಿದವು ಏನಾಗಿದಾವೋ ಗೊತ್ತಿಲ್ಲ ಅಂತ ಬರ್ದಿದಾರೆ. ನಾನು ಮದ್ವೆಯಾಗಿ ಮೂಡಲಪಾಳ್ಯಕ್ಕೆ ಬಂದಾಗ ಕೆರೆ ಕೆಳಗಿನ ಗದ್ದೇಲಿ ಕಾಲಿಟ್ರೆ ನೀಲಿ ಪುಡಿ ಎರಚ್ದಂಗೆ ಏಳ್ತಿದ್ವು. ಈಗ ಗದ್ದೆಗೆಲ್ಲ ಸೈಟಿನ ಕಲ್ಲು ನೆಟ್ಟಿದಾರೆ. ಈ ವರ್ಷ ನಾನು ಕಂಡಿದ್ದು ನಾಲ್ಕು."

"ಎಣಿಸಿದ್ರಾ?"

"ನಾಲ್ಕೇ ಇದ್ದಾಗ ಎಣಿಸೋದೇನು ಕಷ್ಟ ಮೇಡಂ."

ಅಲ್ಲಿಗೆ ಸಂದರ್ಶನ ಮುಗಿಯಿತು. ಜಗದಾಂಬಾ ತಮ್ಮ ಹಾಳೆಯಲ್ಲಿ ಎರಡು ಸಾಲು ಬರೆದು ಏಕಾಂತಯ್ಯನವರಿಗೆ ಕೊಟ್ಟರು. ಅವರು ಓದದೆಯೇ ಸಹಿ ಹಾಕಿದರು. ಪ್ರಿನ್ಸಿಪಾಲರು ಓದಿಯೂ ಸಹಿ ಹಾಕಬೇಕಾಯಿತು.

ಮಧ್ಯಾಹ್ನ ದೊಡ್ಡಹನುಮಯ್ಯನಿಗೆ ಕರೆ ಬಂತು.

"ಯಾಕೋ ಹಾಗೆ ಮಾಡ್ದೆ?"

"ಏನ್ ಸಾರ್?"

"ನಂಬರ್!"

"ಕಣ್ಣು ಮಂಜು ಸಾರ್. ವಯಸ್ಸಾಯ್ತು. ಒಂದು ಎರಡಾಗಿ ಕಾಣತ್ತೆ, ಎರಡು ಒಂದಾಗಿ ಕಾಣತ್ತೆ. ನಂಬರ್ ಯಾವುದಾದ್ರೇನು, ಪ್ರಾಣಿ ಅದೇ ಅಲ್ವಾ ಅಂದ್ಕೊಂಡೆ."

ಮೆಮೋ ಕೊಡುತ್ತೇನೆಂದು ಪ್ರಿನ್ಸಿಪಾಲರು ಟೈಪಿಸ್ಟನನ್ನು ಕರೆದರು. 'ನಾನು ಹೇಳಿದ ಕ್ರಮದಲ್ಲಿ ಇಡದೆ' ಎಂದು ಬರೆಸಿದರು. ಕ್ರಮ ಏಕೆ ಮುಖ್ಯ ಎಂದು ಮಂಡಳಿಯವರು ಕೇಳಿದರೆ? ಹರಿದರು. 'ಅಭ್ಯರ್ಥಿಗೆ ತೊಂದರೆಯಾಗುವಂತೆ' ಎಂದು ಬರೆಸಿದರು. ಕಣ್ಣೆದುರಿಗಿದ್ದ ಪ್ರಾಣಿಯ ಹೆಸರು ಹೇಳುವುದಕ್ಕೆ ತೊಂದರೆ ಏನು? ಅದನ್ನೂ ಹರಿದರು. ಮೂರನೆಯದು ದಿನಾಂಕದಾಚೆ ಹೋಗಲಿಲ್ಲ. ಇಂಗು ತಿಂದ ಮಂಗನಂತಾದ ಅವರ ಮುಖವನ್ನು ಟೈಪಿಸ್ಟ್ ಇಡೀ ಕಾಲೇಜಿಗೆ ಅಭಿನಯಿಸಿ ತೋರಿಸಿದ. ಸಂಜೆಯ ಹೊತ್ತಿಗೆ ಕ್ಯಾಂಟೀನಿನಲ್ಲಿ ಉದ್ದಿನ ವಡೆಯ ಕಡೆ ಬೆರಳು ತೋರಿಸಿ ಹುಡುಗರು ಒಬ್ಬರನ್ನೊಬ್ಬರು ಕೇಳುತ್ತಿದ್ದರು, "ಮಗಾ, ಇದಕ್ಕೆ ಎಷ್ಟು ರೆಕ್ಕೆ?"

ಹೀಗೆ ಕತೆ ಚಿಕ್ಕಲಕ್ಷ್ಮಮ್ಮನ ಕಿವಿಗೂ ಬಿತ್ತು. ದೊಡ್ಡಹನುಮಯ್ಯ ಅವಳು ನಗುತ್ತಾ ಬರುತ್ತಾಳೆಂದು ಕಾಯುತ್ತಿದ್ದ. ಅವಳು ಬಂದದ್ದು ಮುಖ ಗಂಟಿಕ್ಕಿಕೊಂಡು.

"ನಾನು ಓದಿದ್ದು ಸಾಲ್ದು ಅಂತ ಈ ಆಟ ಕಟ್ಟಿದ್ರಾ ಅಣ್ಣ?"

"ಏ, ಇಲ್ಲ ಕಣಮ್ಮ! ನಿನಗೆ ನಾನು ಒಂದಕ್ಷರ ಹೇಳಿದ್ನಾ?"

"ಹೇಳ್ಲಿಲ್ಲ. ಆದ್ರೆ ಜನ ಏನಂತಾರೆ? ಹನುಮಯ್ಯ ಬುದ್ಧಿ ಓಡಿಸ್ದ, ಲಕ್ಷ್ಮಮ್ಮಂಗೆ ಕೆಲಸ ಸಿಕ್ತು. ಎಂಟು ವರ್ಷ ಈ ಜಾಡಿಗಳ ಜೊತೆ ಒದ್ದಾಡಿದ್ದು ಯಾರ ಬಾಯಲ್ಲೂ ಬರಲ್ಲ. ನೀವು ಸರಿಯಾಗಿ ಇಟ್ಟಿದ್ರೂ ನಾನು ಹೇಳ್ತಿದ್ದೆ."

"ಹೇಳ್ತಿದ್ದೆ. ಅವನೂ ಹೇಳ್ತಿದ್ದ. ಇಬ್ರೂ ಹೇಳಿದ್ರೆ ಕೆಲಸ ಯಾರಿಗೆ ಹೋಗ್ತಿತ್ತು?"

ಅವಳ ಸಿಟ್ಟು ಇನ್ನಷ್ಟು ಏರಿತು. ಅಂಟಿನ ಬಾಟಲಿಯನ್ನು ಸದ್ದಾಗುವಂತೆ ಮೇಜಿನ ಮೇಲಿಟ್ಟು ಹೋದಳು. ದೊಡ್ಡಹನುಮಯ್ಯನಿಗೆ ಆ ದಿನವೆಲ್ಲ ಬೀಡಿ ರುಚಿಸಲಿಲ್ಲ. ತಾನು ಮಾಡಿದ್ದು ತಪ್ಪೆಂದು ಅನಿಸಲಿಲ್ಲ. ಅವಳ ಮಾತು ಸುಳ್ಳೆಂದೂ ಅನಿಸಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಕಷ್ಟವಾಗಿತ್ತು.

ಮುಂದಿನ ವಾರ ನೇಮಕಾತಿ ಆದೇಶ ಬಂತು. ಮುನಿರಾಜು ತಾನೇ ಬಂದು ಅವಳಿಗೆ ಶುಭಾಶಯ ಹೇಳಿ, ಅಮೆರಿಕದ ಹೆಗ್ಗಣವನ್ನು ಇನ್ನೊಮ್ಮೆ ನಿಧಾನವಾಗಿ ನೋಡಿಕೊಂಡು ಹೋದ. "ನಾನೂ ಒಂದ್ಸಲ ನೋಡಿದ್ದಿದ್ರೆ ಹೇಳ್ತಿದ್ದೆ ಅಕ್ಕಾ," ಎಂದನಂತೆ. ಕೊನೆಗೆ ಅವನಿಗೆ ವಿಜಯನಗರದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಗಿರಾಕಿಗಳಿಗೆ ಅವನೆಂದರೆ ಬಹಳ ಇಷ್ಟ.

ತಿಂಗಳ ಕೊನೆಯ ಮೂರು ದಿನ ಅಧಿಕಾರ ವಹಿಸಿಕೊಡುವುದಕ್ಕೆ ಇತ್ತು. ದೊಡ್ಡಹನುಮಯ್ಯ ಬೀಗದ ಕೈ ಗೊಂಚಲನ್ನು ಅವಳ ಮುಂದಿಟ್ಟು, "ತಗೋ ತಾಯಿ, ಎಲ್ಲಾ ನಿಂದೇ. ಇಲ್ಲೊಂದು ಸಹಿ ಹಾಕ್ಬಿಡು," ಎಂದ.

ಚಿಕ್ಕಲಕ್ಷ್ಮಮ್ಮ ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡಳು. "ಹಂಗೆಲ್ಲಾ ಆಗಲ್ಲ ಅಣ್ಣ. ಇನ್ನೂರ ಹನ್ನೊಂದು ಸ್ಪೆಸಿಮನ್ ಅಂತ ಬರ್ದಿದೆ. ಒಂದೊಂದೇ ತೋರ್ಸಿ, ಟಿಕ್ ಮಾಡ್ಕೋತೀನಿ."

"ಒಂದೊಂದೇ?"

"ಒಂದೊಂದೇ."

ಅವಳ ಮುಖದಲ್ಲಿ ನಗುವಿರಲಿಲ್ಲ, ಆದರೆ ಎಲ್ಲೋ ಕಣ್ಣಿನ ಮೂಲೆಯಲ್ಲಿ ಒಂದು ಮಿಂಚಿತ್ತು. ಎಂಟು ವರ್ಷ ಅವನ ಕೈಕೆಳಗೆ ಪಳಗಿದ ಮಿಂಚು. ಅದನ್ನು ಕಂಡು ದೊಡ್ಡಹನುಮಯ್ಯ ಬೇಗ ಬೇಗ ಕಪಾಟು ತೆಗೆದ. ಒಂದು, ಅಮೀಬಾದ ಸ್ಲೈಡು. ತೋರಿಸಿದ. ಟಿಕ್. ಎರಡು, ಮೂರು, ನಾಲ್ಕು. ಎಂಟನೆಯದು ದಾಟಿ ಒಂಬತ್ತಕ್ಕೆ ಬಂದಾಗ ಅವನು ಹತ್ತನೆಯ ಜಾಡಿಗೆ ಕೈ ಹಾಕಿದ.

"ಒಂಬತ್ತು," ಎಂದಳು ಅವಳು. "ಸ್ನಾನದ ಸ್ಪಂಜು. ಸಮುದ್ರ ಜೀವಿ."

ಅವನು ಮೇಲಿನ ಸಾಲಿನಿಂದ ಗಾಜಿನ ಡಬ್ಬಿ ಇಳಿಸಿ ಕೊಟ್ಟ. ಅವಳು ಎಂಟು ವರ್ಷ ಅದರ ಹೊರಗನ್ನು ಒರೆಸಿದ್ದಳೇ ಹೊರತು ಮುಚ್ಚಳ ತೆಗೆದಿರಲಿಲ್ಲ. ಈಗ ತೆಗೆದಳು. ಒಳಗಿದ್ದ ನಾರಿನ ಮುದ್ದೆಯನ್ನು ಹೊರಗೆಳೆದು, ಒತ್ತಿ, ಮೂಸಿ ನೋಡಿದಳು. ಬುಡ ಮೇಲೆ ಮಾಡಿ ಕುಟ್ಟಿದಾಗ ಒಂದು ಕಪ್ಪು ಬೀಜ ರಿಜಿಸ್ಟರಿನ ಮೇಲೆ ಬಿತ್ತು.

"ಅಣ್ಣ, ಇದು ತುಪ್ಪೀರೇಕಾಯಿ."

ದೊಡ್ಡಹನುಮಯ್ಯ ಛಾವಣಿ ನೋಡಿದ. "ಎಪ್ಪತ್ತನಾಲ್ಕರಲ್ಲಿ ನಿಜವಾದ್ದನ್ನ ಇಲಿ ತಿಂದ್ಬಿಡ್ತು ಕಣಮ್ಮ. ಮಾರನೇ ದಿನ ಪ್ರಾಕ್ಟಿಕಲ್ ಪರೀಕ್ಷೆ. ಏನ್ ಮಾಡ್ಲಿ? ಹಿತ್ತಲಲ್ಲಿ ಒಣಗಿದ್ದು ನೇತಾಡ್ತಿತ್ತು."

"ಹನ್ನೆರಡು ವರ್ಷ ಹುಡುಗ್ರು ಇದನ್ನ ನೋಡಿ ಚಿತ್ರ ಬರೆದ್ರಾ?"

"ಚೆನ್ನಾಗೇ ಬರೆದ್ರು. ಒಬ್ಬಂಗೆ ರ‍್ಯಾಂಕೂ ಬಂತು."

ಚಿಕ್ಕಲಕ್ಷ್ಮಮ್ಮ ಬೀಜವನ್ನು ಬೆರಳಲ್ಲಿ ಉರುಳಿಸುತ್ತಾ ಅವನನ್ನೇ ನೋಡಿದಳು. ಆಮೇಲೆ ಅವಳ ಭುಜ ಅಲುಗತೊಡಗಿತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ರಿಜಿಸ್ಟರಿನ ಮೇಲೆ ತಲೆಯಿಟ್ಟು ನಕ್ಕಳು. ಅವಳ ನಗು ಕೇಳಿ ಅವನಿಗೆ ಎರಡು ವಾರದಿಂದ ಎದೆಯ ಮೇಲಿದ್ದ ಏನೋ ಇಳಿದಂತಾಯಿತು. ಅವನೂ ನಗಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ತಲೆಯೆತ್ತಿ ಕಣ್ಣೊರೆಸಿಕೊಂಡು, ಪೆನ್ನು ತೆಗೆದು ಸ್ಪಂಜಿನ ಹೆಸರಿಗೆ ಅಡ್ಡಗೆರೆ ಎಳೆದಳು. ಅದರ ಮೇಲೆ ತುಪ್ಪೀರೇಕಾಯಿ ಎಂದು ದುಂಡಕ್ಷರದಲ್ಲಿ ಬರೆದು, ಪುಸ್ತಕವನ್ನು ಅವನ ಕಡೆ ತಿರುಗಿಸಿದಳು.

"ಸಹಿ ಹಾಕಿ. ಇನ್ನೂ ಇನ್ನೂರ ಎರಡು ಬಾಕಿ ಇದೆ. ಇಂಥವು ಎಷ್ಟಿವೆ ಅಂತ ಈಗ್ಲೇ ಹೇಳ್ಬಿಟ್ರೆ ಇಬ್ಬರಿಗೂ ಒಳ್ಳೇದು."

ದೊಡ್ಡಹನುಮಯ್ಯ ಕುರ್ಚಿ ಎಳೆದುಕೊಂಡು ಅವಳ ಎದುರು ಕೂತ. ಕನ್ನಡಕ ಏರಿಸಿಕೊಂಡು ಸಹಿ ಹಾಕಿದ. ಬೆರಳು ಮಡಚಿ ಎಣಿಸಲು ಶುರುಮಾಡಿದ.